ಮೆಟಾ ಟ್ಯಾಗಿಗೆ ಹಣ ಕೊಡುವ ಮುನ್ನ



ಗ್ಯಾಸ್, ಕರೆಂಟ್, ಹಾಲು, ತರಕಾರಿ ಬಿಲ್ಲುಗಳ ಜೊತೆಗೆ ಈಗ ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಇನ್ನೊಂದು ಬಿಲ್ ಬಂದು ಕೂರುತ್ತಿದೆ. ಅದರಲ್ಲಿ ‘ವೆಬ್‌ಸೈಟ್ ನಿರ್ವಹಣೆ, ಮೆಟಾ ಟ್ಯಾಗ್, ಎಸ್‌ಇಒ’ ಎಂದು ಬರೆದಿರುತ್ತದೆ. ಹಾಲಿನ ಬಿಲ್ ಬಂದರೆ ಎಷ್ಟು ಲೀಟರ್, ಯಾವ ದಿನ ಕಡಿಮೆ ಬಂತು ಎಂದು ಕೇಳುತ್ತೇವೆ. ಈ ಬಿಲ್ ಬಂದಾಗ ಮಾತ್ರ ಏನೂ ಕೇಳದೆ ಚೆಕ್ ಬರೆದು ಕೊಡುತ್ತೇವೆ. ಕೇಳಿದರೆ ನಮಗೆ ತಿಳಿಯದು ಎನ್ನುವುದು ಬಯಲಾಗುತ್ತದಲ್ಲ ಎಂಬ ಸಂಕೋಚ.

ನಾವೂ ಹಾಗೆಯೇ 2018ರಿಂದ ನಾಲ್ಕು ವರ್ಷ ಕೊಟ್ಟವರು. ವರ್ಷಕ್ಕೆ 18,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 3,240, ಒಟ್ಟು 21,240. ಶೇ. 5ರ ಸ್ಲ್ಯಾಬಿನಲ್ಲಿರುವ ನಮ್ಮಂಥ ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಆದ್ದರಿಂದ ಆ 3,240 ಕೂಡ ಕೈಬಿಟ್ಟ ಹಾಗೆಯೇ. 2020ರ ಲಾಕ್‌ಡೌನಿನಲ್ಲಿ ಎರಡು ತಿಂಗಳಿಗೂ ಮೇಲೆ ಒಲೆ ಹಚ್ಚಲಿಲ್ಲ. ಆ ವರ್ಷವೂ ಬಿಲ್ ತಪ್ಪಲಿಲ್ಲ.

ನಾವು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕುಂದಾಪುರದ ಕಡೆಯಿಂದ 1985ರಲ್ಲಿ ಹೈದರಾಬಾದಿಗೆ ಬಂದು, ಕೋಠಿಯ ಹೋಟೆಲೊಂದರಲ್ಲಿ ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಕ್ಯಾಷಿನಲ್ಲಿ ಕುಳಿತು, ಆಮೇಲೆ ಸ್ವಂತ ಹೋಟೆಲ್ ಇಟ್ಟವರು. ಕಂಪ್ಯೂಟರ್ ವಿಷಯ ಬರೆಯಲು ಇವರು ಯಾರು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಹಣ ಕಳೆದುಕೊಂಡವನಿಗೆ ಒಂದಿಷ್ಟು ಬುದ್ಧಿ ಬಂದಿರುತ್ತದೆ, ಅಷ್ಟನ್ನು ಹಂಚಿಕೊಳ್ಳುತ್ತಿದ್ದೇವೆ.

2022ರ ಆರಂಭದಲ್ಲಿ ಹಿಮಾಯತ್‌ನಗರದ ಒಂದು ಜೈನ ಕುಟುಂಬದವರು ಗೃಹಪ್ರವೇಶಕ್ಕೆ 250 ಎಲೆ ಊಟ ಹೇಳಿದ್ದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಗೆಡ್ಡೆ ಇಲ್ಲ. ನಮ್ಮ ಭಟ್ಟರಿಗೆ ಅದು ಹೊಸದೂ ಅಲ್ಲ. ಮೆನು ಒಪ್ಪಿಗೆಯಾಗಿ ಅಡ್ವಾನ್ಸ್ ಕೂಡ ಬಂದಿತ್ತು. ನಾಲ್ಕು ದಿನ ಇರುವಾಗ ಮನೆಯ ಹಿರಿಯರು ಫೋನ್ ಮಾಡಿ, ‘ನಿಮ್ಮಲ್ಲಿ ಮಾಂಸದ ಅಡುಗೆಯೂ ಆಗುತ್ತದೆಂದು ಹೇಳಲೇ ಇಲ್ಲವಲ್ಲ’ ಎಂದರು. ನಮಗೆ ತಲೆಬುಡ ತಿಳಿಯಲಿಲ್ಲ. ಮೂವತ್ತು ವರ್ಷದಿಂದ ಮೊಟ್ಟೆಯನ್ನೂ ಒಳಗೆ ಬಿಡದ ಹೋಟೆಲ್ ನಮ್ಮದು. ಅವರ ಸೊಸೆ ಫೋನಿನಲ್ಲಿ ನಮ್ಮ ಹೆಸರು ಹುಡುಕಿದಾಗ ಹೆಸರಿನ ಕೆಳಗೆ ಎರಡು ಸಾಲು ಬಂದಿತ್ತಂತೆ: ಹೈದರಾಬಾದಿ ಬಿರಿಯಾನಿ, ಕಬಾಬ್, ಪಾರ್ಟಿ ಆರ್ಡರಿಗೆ ಸಂಪರ್ಕಿಸಿ. ಎಷ್ಟು ಹೇಳಿದರೂ ಅವರ ಸಂಶಯ ಹೋಗಲಿಲ್ಲ. ಹೋಗುವುದಾದರೂ ಹೇಗೆ? ನಮ್ಮ ವೆಬ್‌ಸೈಟೇ ಹಾಗೆ ಹೇಳುತ್ತಿದೆ. ಅಡ್ವಾನ್ಸ್ ವಾಪಸ್ ಕೊಟ್ಟೆವು. ಹಣಕ್ಕಿಂತ ಆ ಮಾತು ನಾಲ್ಕು ಮನೆಗೆ ಹಬ್ಬಿತಲ್ಲ, ಅದು ಹೆಚ್ಚು ಸುಟ್ಟಿತು.

ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ ಅವರಿಗೆ ಬೇಸರವೂ ಇಲ್ಲ. ‘ಹೈದರಾಬಾದಿನಲ್ಲಿ ಬಿರಿಯಾನಿ ಎಂದು ಹಾಕಿದರೆ ಸರ್ಚಿನಲ್ಲಿ ಮೇಲೆ ಬರುತ್ತದೆ ಸಾರ್, ಎಲ್ಲ ಹೋಟೆಲಿಗೂ ಹಾಕುತ್ತೇವೆ’ ಎಂದರು. ಅಂದರೆ ಬೇರೆ ಯಾರದ್ದೋ ಹೋಟೆಲಿಗೆ ಬರೆದ ಸಾಲನ್ನು ನಮಗೂ ಅಂಟಿಸಿದ್ದರು.

ಅಂದು ಸಂಜೆ ನಮ್ಮ ತಂಗಿಯ ಮಗ ಮನೆಗೆ ಬಂದಿದ್ದ. ಮಾದಾಪುರದ ಕಂಪನಿಯೊಂದರಲ್ಲಿ ಇದೇ ಕೆಲಸದಲ್ಲಿರುವ ಮಾಣಿ. ನಮ್ಮ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಮೌಸಿನ ಬಲಗಡೆ ಗುಂಡಿ ಒತ್ತಿ ‘ವ್ಯೂ ಪೇಜ್ ಸೋರ್ಸ್’ ಎಂಬುದನ್ನು ಹಿಡಿದು ಒಳಗಿನದನ್ನೆಲ್ಲ ತೋರಿಸಿದ. ‘ಮಾವ, ಇದನ್ನು ಯಾರು ಬರೆದದ್ದು?’ ಎಂದು ನಗತೊಡಗಿದ. ಕೀವರ್ಡ್ ಎಂಬ ಜಾಗದಲ್ಲಿ ನೂರಕ್ಕೂ ಮೇಲೆ ಪದಗಳಿದ್ದವು. ಉಡುಪಿ ಒಮ್ಮೆ, ಉಡಿಪಿ ಒಮ್ಮೆ, ಬಿರಿಯಾನಿ ಮೂರು ರೀತಿಯ ಸ್ಪೆಲ್ಲಿಂಗಿನಲ್ಲಿ, ಹಲೀಮ್, ಇರಾನಿ ಚಾಯ್, ಕೊನೆಗೆ ಇನ್ನೊಂದು ಹೋಟೆಲಿನ ಹೆಸರು ಕೂಡ. ಇಷ್ಟೆಲ್ಲ ಬರೆದವರು ಪುಟದ ತಲೆಬರಹ ಇರಬೇಕಾದ ಕಡೆ ‘ಹೋಮ್’ ಎಂದು ಒಂದೇ ಪದ ಬಿಟ್ಟಿದ್ದರು. ನಮ್ಮ ಹೋಟೆಲಿನ ಹೆಸರೇ ಅಲ್ಲಿ ಇರಲಿಲ್ಲ.

ಮೆಟಾಡೇಟಾ ಎಂದರೇನು ಎಂದು ಅವನು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇವೆ. ಸ್ಟೋರಿನಲ್ಲಿ ಸಾಲು ಡಬ್ಬಗಳಿರುತ್ತವೆ. ಒಳಗಿರುವುದು ಸಾಮಾನು, ಮೇಲೆ ಅಂಟಿಸಿರುವುದು ಚೀಟಿ. ವೆಬ್ ಪುಟದಲ್ಲಿ ಗಿರಾಕಿ ಓದುವುದು ಸಾಮಾನು, ಯಂತ್ರಕ್ಕೆಂದು ಬರೆದಿಟ್ಟ ಚೀಟಿ ಮೆಟಾಡೇಟಾ. ಚೀಟಿಯಲ್ಲಿ ಸಕ್ಕರೆ ಎಂದಿದ್ದು ಒಳಗೆ ಉಪ್ಪಿದ್ದರೆ ಏನಾಗುತ್ತದೆಂದು ಕೇಸರಿಬಾತ್ ಮಾಡುವವರಿಗೆ ಹೇಳಬೇಕಾಗಿಲ್ಲ.

ಒಂದು ಕಾಲದಲ್ಲಿ ಈ ಚೀಟಿಗೆ ಬೆಲೆ ಇತ್ತು. 1990ರ ದಶಕದಲ್ಲಿ ಆಲ್ಟಾವಿಸ್ಟಾ, ಇನ್ಫೋಸೀಕ್ ಮುಂತಾದ ಸರ್ಚ್ ಇಂಜಿನ್‌ಗಳು ಕೀವರ್ಡ್ ಚೀಟಿಯನ್ನು ಓದಿ ನಂಬುತ್ತಿದ್ದವು. ಚೀಟಿ ಬರೆಯುವವರು ನಾವೇ, ಗಿರಾಕಿಗೆ ಅದು ಕಾಣುವುದೂ ಇಲ್ಲ ಎಂದ ಮೇಲೆ ಏನಾಯಿತೆಂದು ಊಹಿಸಬಹುದು. ಇಡ್ಲಿ ಮಾರುವವನು ಜಿಲೇಬಿ ಎಂದೂ ಬರೆದ, ಜಿಲೇಬಿ ಮಾರುವವನು ಜವಳಿ ಎಂದೂ ಬರೆದ. ನಂಬಿದ ಇಂಜಿನ್‌ಗಳಲ್ಲಿ ಹುಡುಕಿದವರಿಗೆ ಕಸ ಸಿಗತೊಡಗಿತು. 1998ರಲ್ಲಿ ಶುರುವಾದ ಗೂಗಲ್ ಬೇರೆ ದಾರಿ ಹಿಡಿಯಿತು. ಪುಟದಲ್ಲಿ ಕಣ್ಣಿಗೆ ಕಾಣುವ ಬರಹ ಏನಿದೆ, ಬೇರೆ ಪುಟಗಳವರು ಎಷ್ಟು ಜನ ಇದರತ್ತ ಕೈ ತೋರಿಸಿದ್ದಾರೆ ಎಂಬುದನ್ನು ಅದು ನೋಡಿತು. 2009ರ ಸೆಪ್ಟೆಂಬರಿನಲ್ಲಿ ಗೂಗಲ್ ಬಹಿರಂಗವಾಗಿಯೇ ಹೇಳಿತು: ವೆಬ್ ಸರ್ಚಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ತೀರ್ಮಾನಿಸಲು ಕೀವರ್ಡ್ ಮೆಟಾ ಟ್ಯಾಗನ್ನು ತಾನು ಬಳಸುವುದಿಲ್ಲ ಎಂದು. 2009ರಲ್ಲಿ! ನಾವು ಹಣ ಕೊಡಲು ಶುರು ಮಾಡಿದ್ದು ಅದಾದ ಒಂಬತ್ತು ವರ್ಷದ ಮೇಲೆ. ಆಲ್ಟಾವಿಸ್ಟಾ 2013ರಲ್ಲಿ ಬಾಗಿಲು ಹಾಕಿತು, ಅದನ್ನು ನಂಬಿಸಲು ಬರೆಯುತ್ತಿದ್ದ ಚೀಟಿಯ ಬಿಲ್ ಮಾತ್ರ ಇನ್ನೂ ಬರುತ್ತಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೀವರ್ಡ್ ಚೀಟಿಯಲ್ಲಿದ್ದ ಬಿರಿಯಾನಿಯಿಂದ ನಮಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ಅದನ್ನು ಓದುವವರೇ ಇಲ್ಲ. ನಷ್ಟ ಮಾಡಿದ್ದು ಡಿಸ್ಕ್ರಿಪ್ಷನ್ ಎಂಬ ಇನ್ನೊಂದು ಚೀಟಿ. ಪುಟವನ್ನು ಮೇಲೆ ಏರಿಸಲು ಅದನ್ನೂ ಗೂಗಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹುಡುಕಿದವರಿಗೆ ಹೆಸರಿನ ಕೆಳಗೆ ತೋರಿಸುವ ಎರಡು ಸಾಲನ್ನು ಕೆಲವು ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ, ಹೆಚ್ಚಾಗಿ ಪುಟದ ಬರಹದಿಂದ ಎತ್ತುತ್ತದೆ. ಅಂದರೆ ಅದು ಯಂತ್ರಕ್ಕೆ ಬರೆದ ಚೀಟಿಯಾದರೂ ಓದುವವರು ಮನುಷ್ಯರು. ಹೋಟೆಲಿನ ಬಾಗಿಲಲ್ಲಿ ಇಡುವ ಕಪ್ಪು ಹಲಗೆ ಇದ್ದ ಹಾಗೆ. ಆ ಹಲಗೆಯ ಮೇಲೆ ಇಂದಿನ ವಿಶೇಷ ಬರೆಯುವ ಸೀಮೆಸುಣ್ಣವನ್ನು ಯಾರೋ ಅಪರಿಚಿತರ ಕೈಗೆ ಕೊಟ್ಟು ನಾವು ಒಳಗೆ ಕುಳಿತಿದ್ದೆವು. ತಪ್ಪು ನಮ್ಮದೂ ಹೌದು.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಟೈಟಲ್, ಅಂದರೆ ಪುಟದ ತಲೆಬರಹ. ಸರ್ಚ್ ಇಂಜಿನ್ ಅದನ್ನು ಓದುತ್ತದೆ, ಲೆಕ್ಕಕ್ಕೂ ಹಿಡಿಯುತ್ತದೆ, ಹುಡುಕಿದವರಿಗೆ ದೊಡ್ಡ ಅಕ್ಷರದಲ್ಲಿ ತೋರಿಸುವುದೂ ಸಾಮಾನ್ಯವಾಗಿ ಅದನ್ನೇ. ಅದರಲ್ಲಿ ಹೆಸರು, ಏನು ಮಾಡುತ್ತೇವೆ, ಯಾವ ಬಡಾವಣೆ, ಇಷ್ಟಿದ್ದರೆ ಸಾಕು. ಅಳಿಯ ಐದು ನಿಮಿಷದಲ್ಲಿ ಹಾಕಿಕೊಟ್ಟ.

ಈಗ ನಮ್ಮ ಹೋಟೆಲಿನವರಿಗೆಂದೇ ಇರುವ ಒಂದು ತಮಾಷೆಯ ವಿಷಯ. 2011ರ ಜೂನಿನಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಒಂದು ಪದಪಟ್ಟಿ ಮಾಡಿದವು. ಸ್ಟ್ರಕ್ಚರ್ಡ್ ಡೇಟಾ ಎಂದು ಅದರ ಕೆಲಸಕ್ಕೆ ಹೆಸರು. ಇದು ವಿಳಾಸ, ಇದು ಫೋನ್ ನಂಬರ್, ಇದು ತೆರೆಯುವ ಸಮಯ, ಇಲ್ಲಿ ಸಿಗುವುದು ಇಂಥ ಅಡುಗೆ ಎಂದು ಯಂತ್ರಕ್ಕೆ ಗೊಂದಲವಿಲ್ಲದ ಹಾಗೆ ಹೇಳುವ ಕ್ರಮ. ಆ ಪಟ್ಟಿಯಲ್ಲಿ ‘ಹೋಟೆಲ್’ ಎಂದರೆ ತಂಗುವ ಜಾಗ, ಲಾಡ್ಜ್‌ಗಳ ಗುಂಪಿಗೆ ಸೇರಿದ್ದು. ಊಟ ತಿಂಡಿಯ ಜಾಗಕ್ಕೆ ‘ರೆಸ್ಟೋರೆಂಟ್’ ಎಂದು ಬೇರೆಯೇ ಗುಂಪು. ನಮ್ಮ ಊರುಗಳಲ್ಲಿ ಹೋಟೆಲ್ ಎಂದರೆ ಕಾಫಿ ತಿಂಡಿಯೇ ಹೊರತು ಹಾಸಿಗೆ ಅಲ್ಲ. ನಮ್ಮ ಬೋರ್ಡಿನಲ್ಲಿರುವ ಹೋಟೆಲ್ ಎಂಬ ಪದ ನೋಡಿ ವೆಬ್‌ಸೈಟಿನವರು ಹೋಟೆಲ್ ಎಂದೇ ತುಂಬಿದ್ದರು. ಗೂಗಲ್ ಮ್ಯಾಪಿನ ನಮ್ಮ ಪುಟದಲ್ಲೂ ಅದೇ ವರ್ಗ. ವಾರಕ್ಕೆ ನಾಲ್ಕಾದರೂ ಫೋನ್ ಬರುತ್ತಿತ್ತು, ಎಸಿ ರೂಮಿಗೆ ಬಾಡಿಗೆ ಎಷ್ಟು, ಮದುವೆ ಗುಂಪಿಗೆ ಹತ್ತು ರೂಮ್ ಸಿಗುತ್ತದೆಯೇ ಎಂದು. ನಮ್ಮ ಕ್ಯಾಷಿಯರ್ ಒಮ್ಮೆ ಸಿಟ್ಟಿನಲ್ಲಿ ‘ಮೇಜಿನ ಮೇಲೆ ಮಲಗಬಹುದು’ ಎಂದುಬಿಟ್ಟಿದ್ದ. ಅದಕ್ಕೆ ನಮಗೆ ಒಂದು ಸ್ಟಾರ್ ಬಂತು. ಆ ಒಂದು ಪದವನ್ನು ಎರಡೂ ಕಡೆ ರೆಸ್ಟೋರೆಂಟ್ ಎಂದು ತಿದ್ದಿದ ಮೇಲೆ ಅಂಥ ಫೋನುಗಳು ಬರುಬರುತ್ತ ನಿಂತವು. ಸದಸ್ಯರಲ್ಲಿ ಯಾರಿಗಾದರೂ ರೂಮು ಕೇಳಿ ಫೋನ್ ಬರುತ್ತಿದ್ದರೆ ಮೊದಲು ಇದನ್ನು ನೋಡಿ.

ಸ್ಟ್ರಕ್ಚರ್ಡ್ ಡೇಟಾ ಹಾಕಿದ ಮಾತ್ರಕ್ಕೆ ಹತ್ತನೆಯ ಸ್ಥಾನದಿಂದ ಒಂದನೆಯ ಸ್ಥಾನಕ್ಕೆ ಏರುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೂಗಲ್ ಹಾಗೆ ಭರವಸೆ ಕೊಟ್ಟಿಲ್ಲ. ನಾವು ಏನೆಂದು ತಪ್ಪಿಲ್ಲದೆ ತಿಳಿಯುವುದು, ಕೆಲವು ಸಲ ಸಮಯ, ವಿಳಾಸ ಮುಂತಾದವು ಚೆನ್ನಾಗಿ ಕಾಣುವುದು, ಅಷ್ಟೇ ಅದರ ಉಪಯೋಗ. ಪುಟದಲ್ಲಿ ಇಲ್ಲದ್ದನ್ನು ಚೀಟಿಯಲ್ಲಿ ತುಂಬಿದರೆ ಆ ಉಪಯೋಗವನ್ನೂ ಕಿತ್ತುಕೊಳ್ಳುತ್ತಾರೆ. ಸರಿಯಾಗಿದೆಯೇ ಎಂದು ನೋಡಲು ಗೂಗಲಿನದೇ ‘ರಿಚ್ ರಿಸಲ್ಟ್ಸ್ ಟೆಸ್ಟ್’ ಎಂಬ ಪುಕ್ಕಟೆ ಪರೀಕ್ಷೆ ಇದೆ. ಮನೆಯ ಮಕ್ಕಳಿಗೆ ಹೇಳಿದರೆ ಮಾಡುತ್ತಾರೆ.

ಹಾಗಾದರೆ ಈ ಚೀಟಿಗಳೆಲ್ಲ ದಂಡ ಎಂದೇ ಬರೆದುಬಿಡೋಣ ಎಂದುಕೊಂಡಿದ್ದೆವು. ಅಳಿಯ ತಡೆದ. ಚೀಟಿಯೇ ಜೀವಾಳ ಆಗುವ ಜಾಗವೂ ಇದೆ ಎಂದು ಅವನು ಹೇಳಿದ್ದು ನಮ್ಮ ಊರಿನದೇ ಉದಾಹರಣೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿ ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಫೋಟೋ ತೆಗೆದು ಇಟ್ಟಿದ್ದರು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲೂ ಹಾಗೆಯೇ. ಪುಸ್ತಕ ಇತ್ತು, ಆದರೆ ಅದರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರಿಂದ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ‘ಸಂಚಯ’ ಎಂಬ ತಂಡದವರು ಆಸಕ್ತರನ್ನು ಸೇರಿಸಿಕೊಂಡು ಪುಸ್ತಕ, ಲೇಖಕರ ಹೆಸರುಗಳನ್ನು ಕನ್ನಡದಲ್ಲಿ ಬರೆಸಿ ‘ಪುಸ್ತಕ ಸಂಚಯ’ದ ಮೂಲಕ ಹುಡುಕುವಂತೆ ಮಾಡಿದರು. ಫೋಟೋಗೆ ಬಾಯಿಲ್ಲ, ಅದರ ಪರವಾಗಿ ಚೀಟಿಯೇ ಮಾತಾಡಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗಿ ಬರುವ ನಮ್ಮಂಥವರಿಗೆ ಇದು ಗೊತ್ತೇ ಇರಲಿಲ್ಲ ಎಂದು ನಾಚಿಕೆಯಾಯಿತು.

ಇದನ್ನು ಕೇಳಿದಾಗ ನಮ್ಮ ಮೊದಲನೆಯ ವೆಬ್‌ಸೈಟ್ ನೆನಪಾಯಿತು. 2004ರಲ್ಲಿ ಮಾಡಿಸಿದ್ದು, ಪೂರ್ತಿ ಕನ್ನಡದಲ್ಲಿ. ಆಗಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳೇ ಆಗಿರುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಸೊನ್ನೆ, ಚುಕ್ಕೆ, ಕೊಂಬಿನ ಗೀಚು. ಸರ್ಚ್ ಇಂಜಿನ್ ಕೂಡ ಅದೇ ಗೀಚನ್ನು ಓದುತ್ತಿತ್ತು. ‘ಚಿರೋಟಿ’ ಎಂದು ಹುಡುಕಿದವರಿಗೆ ನಾವು ಹೇಗೆ ಸಿಗಬೇಕು? ಆ ಪುಟದಲ್ಲಿ ಯಂತ್ರಕ್ಕೆ ಅರ್ಥವಾಗುತ್ತಿದ್ದದ್ದು ಇಂಗ್ಲಿಷಿನ ಟೈಟಲ್ ಒಂದೇ. ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿಸಿದ ಮೇಲೆ ಕನ್ನಡ ಪುಟ ತಾನೇ ಮಾತಾಡತೊಡಗಿತು. ಈಗಲೂ ಕೆಲವು ಸದಸ್ಯರ ಸೈಟಿನಲ್ಲಿ ಮೆನು ಪೂರ್ತಿ ಒಂದು ಫೋಟೋ ಆಗಿರುವುದನ್ನು ನೋಡಿದ್ದೇವೆ. ಫ್ಲೆಕ್ಸ್ ಅಂಗಡಿಯಲ್ಲಿ ಮಾಡಿಸಿದ ದರಪಟ್ಟಿಯನ್ನೇ ತಂದು ಅಂಟಿಸಿದ್ದಾರೆ. ಫೋಟೋದೊಳಗಿನ ಅಕ್ಷರವನ್ನು ಯಂತ್ರ ಓದುತ್ತದೆಂದು ನಂಬಿ ಕೂರುವುದಕ್ಕಿಂತ ಅದನ್ನೇ ಅಕ್ಷರದಲ್ಲಿ ಟೈಪ್ ಮಾಡಿಸುವುದು ಮೇಲು. ದರ ಬದಲಾದಾಗ ತಿದ್ದಲೂ ಸುಲಭ.

ಇನ್ನೊಂದು ಮಾತು ಹೇಳಬೇಕು. ಕೌಂಟರ್ ವ್ಯಾಪಾರ ಬೇರೆ, ಔಟ್‌ಡೋರ್ ಕೇಟರಿಂಗ್ ಬೇರೆ. ಹಸಿದವನು ಫೋನ್ ತೆಗೆದು ಹತ್ತಿರದ ಟಿಫಿನ್ ಹುಡುಕಿದಾಗ ಮ್ಯಾಪ್ ನೋಡುವುದು ಅವನು ಕೇಳಿದ್ದಕ್ಕೆ ನಾವು ಹೊಂದುತ್ತೇವೆಯೇ, ಎಷ್ಟು ದೂರದಲ್ಲಿದ್ದೇವೆ, ಎಷ್ಟು ಹೆಸರು ಮಾಡಿದ್ದೇವೆ ಎಂಬ ಮೂರನ್ನು. ಇದನ್ನು ಗೂಗಲ್ಲೇ ಹೇಳಿಕೊಂಡಿದೆ. ಕಾಚಿಗುಡ ಸ್ಟೇಷನ್ನಿನಲ್ಲಿ ಇಳಿದವನಿಗೆ ಎರಡು ಮೈಲಿ ಆಚೆಯ ನಮ್ಮನ್ನು ಹತ್ತಿರ ಮಾಡಿಕೊಡುವ ಟ್ಯಾಗ್ ಇಲ್ಲ. ಅಲ್ಲಿ ಬೇಕಾಗುವುದು ಮ್ಯಾಪಿನಲ್ಲಿ ಸರಿಯಾದ ಜಾಗ, ಸರಿಯಾದ ಸಮಯ, ಯುಗಾದಿಗೆ ರಜೆ ಇದ್ದರೆ ರಜೆ ಎಂದು ಹಾಕುವ ಶಿಸ್ತು. ಅದಕ್ಕೆ ಹಣವೂ ಇಲ್ಲ.

ಕೇಟರಿಂಗ್ ಹಾಗಲ್ಲ. ಕೂಕಟ್‌ಪಲ್ಲಿಯಲ್ಲಿ, ಮಿಯಾಪುರದಲ್ಲಿ ಫ್ಲ್ಯಾಟ್ ತೆಗೆದುಕೊಂಡ ಕನ್ನಡದ ಮನೆಯವರು ಸೀಮಂತಕ್ಕೋ ಉಪನಯನಕ್ಕೋ ನಮ್ಮ ಕಡೆಯ ಅಡುಗೆಯವರು ಬೇಕೆಂದು ಹುಡುಕುತ್ತಾರೆ. ಅವರಿಗೆ ದೂರ ಮುಖ್ಯವಲ್ಲ, ಹೋಳಿಗೆ, ಮಜ್ಜಿಗೆಹುಳಿ, ಕೋಸಂಬರಿ ನಮ್ಮಲ್ಲಿ ಇರುವ ಹಾಗೆ ಆಗುತ್ತದೆಯೇ ಎಂಬುದು ಮುಖ್ಯ. ಅಂಥವರಿಗಾಗಿ ಕೇಟರಿಂಗಿಗೆ ಬೇರೆ ಒಂದು ಪುಟ ಮಾಡಿಸಿದೆವು, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಕನಿಷ್ಠ ಎಷ್ಟು ಎಲೆ, ಎಲ್ಲೆಲ್ಲಿಗೆ ಹೋಗುತ್ತೇವೆ, ಬಡಿಸುವವರು ಇದ್ದಾರೆಯೇ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಗೆ ಪಾತ್ರೆ ಬೇರೆ ಇಡುತ್ತೇವೆ, ಎಲ್ಲವನ್ನೂ ಗಿರಾಕಿ ಫೋನಿನಲ್ಲಿ ಕೇಳುವ ಕ್ರಮದಲ್ಲೇ ಬರೆದೆವು. ಬರೆದದ್ದು ನಾವೇ, ನಮ್ಮ ಮನೆಯವರು ತಿದ್ದಿದರು. ಅಲ್ಲಿಂದ ಬರುವ ಆರ್ಡರುಗಳು ಇಂತಿಷ್ಟು ಎಂದು ಲೆಕ್ಕ ಇಟ್ಟಿಲ್ಲ. ಆದರೆ ‘ನಿಮ್ಮ ಪುಟದಲ್ಲಿ ಓದಿದೆವು’ ಎಂದು ಹೇಳಿ ಬಂದವರು ಇದ್ದಾರೆ, ಕೀವರ್ಡಿನ ನಾಲ್ಕು ವರ್ಷದಲ್ಲಿ ಆ ಮಾತು ಒಮ್ಮೆಯೂ ಕೇಳಿರಲಿಲ್ಲ.

ಮೆಟಾ ಟ್ಯಾಗ್ ಹಾಕಿಸಿದ ಮೇಲೆ ವ್ಯಾಪಾರ ಏರಿತು ಎನ್ನುವ ಸದಸ್ಯ ಮಿತ್ರರೂ ಇದ್ದಾರೆ, ಸುಳ್ಳು ಹೇಳುತ್ತಿದ್ದಾರೆ ಎನ್ನಲಾರೆವು. ಅವರ ಕೆಲಸ ಮಾಡಿಕೊಟ್ಟವರು ಅದೇ ಸಮಯಕ್ಕೆ ಟೈಟಲ್ ತಿದ್ದಿರಬಹುದು, ಮ್ಯಾಪಿಗೆ ಒಳ್ಳೆಯ ಫೋಟೋ ಹಾಕಿರಬಹುದು. ಹಾಗೆ ಪ್ರಾಮಾಣಿಕವಾಗಿ ದುಡಿಯುವವರಿಗೆ ಕೂಲಿ ಕೊಡಲೇಬೇಕು. ನಮ್ಮ ತಕರಾರು ಇರುವುದು ಒಮ್ಮೆ ಬರೆದಿಟ್ಟು ಮತ್ತೆ ಮುಟ್ಟದ ಚೀಟಿಗೆ ವರ್ಷ ವರ್ಷ ಬಾಡಿಗೆ ತೆಗೆದುಕೊಳ್ಳುವುದರ ಬಗ್ಗೆ. ಈಗಂತೂ ‘ಎಐ ಟ್ಯಾಗ್’ ಎಂಬ ಹೊಸ ಬಾಬ್ತು ಬಂದಿದೆ. ಜನ ಎಐಯನ್ನು ಕೇಳಿ ಹೋಟೆಲ್ ಹುಡುಕುತ್ತಾರೆ, ಅದಕ್ಕೆ ಬೇರೆ ಟ್ಯಾಗ್ ಬೇಕು ಎಂದು ಕಳೆದ ತಿಂಗಳು ಒಬ್ಬರು ನಮ್ಮಲ್ಲಿಗೂ ಬಂದಿದ್ದರು. ಗೂಗಲ್ ತನ್ನ ಎಐ ಉತ್ತರಗಳಲ್ಲಿ ಕಾಣಲು ವಿಶೇಷ ಸ್ಕೀಮಾ ಏನೂ ಬೇಕಿಲ್ಲ ಎಂದೇ ಬರೆದಿದೆ ಎಂದಾಗ ಕಾಫಿ ಕುಡಿದು ಎದ್ದು ಹೋದರು.

ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಭೆಯ ದಿನ ಊಟಕ್ಕೆ ಮೊದಲು ಎರಡು ಗಂಟೆ ಇದಕ್ಕೆ ಬಿಟ್ಟುಕೊಡಿ. ಸದಸ್ಯರು ತಮ್ಮ ವೆಬ್‌ಸೈಟಿನ ಹೆಸರು ಮತ್ತು ಕೊನೆಯ ಬಿಲ್ ತರಲಿ. ನಮ್ಮ ಅಳಿಯ ಲ್ಯಾಪ್‌ಟಾಪ್ ಹಿಡಿದು ಕೂರಲು ಒಪ್ಪಿದ್ದಾನೆ, ಹಣ ಬೇಡ ಎಂದಿದ್ದಾನೆ. ಒಬ್ಬೊಬ್ಬರ ಪುಟದ ಒಳಗೆ ಏನಿದೆ ಎಂದು ಎಲ್ಲರ ಎದುರು ಬೇಡವಾದರೆ ಪಕ್ಕಕ್ಕೆ ಕರೆದು ತೋರಿಸುತ್ತಾನೆ. ಅಂದಿನ ಗೋಳಿಬಜೆ, ಕಾಫಿ ನಮ್ಮ ಕಡೆಯಿಂದ.